ಎಮ್ಮೆಯ ಎರಡು ಗಡಿಯಾರ

ನೌಕಾಪಡೆಯ ದಾಖಲೆ ಕಚೇರಿಯಲ್ಲಿ ನನ್ನ ಕೆಲಸ, ಗುಜರಿಗೆ ಹೋಗುವ ಹಡಗುಗಳ ಸೇವಾ ಚರಿತ್ರೆ ಬರೆಯುವುದು. ಹಡಗನ್ನು ಕೊನೆಯ ಸಲ ಕಟ್ಟೆಗೆ ಕಟ್ಟಿ, ನಾಲ್ಕು ಸಾಲು ಕುರ್ಚಿ ಹಾಕಿ, ಅದು ಎಷ್ಟು ವರ್ಷ ಎಲ್ಲೆಲ್ಲಿ ಏನೇನು ಮಾಡಿತು ಎಂದು ಎರಡು ಪುಟ ಓದುತ್ತಾರೆ. ಓದುವವರು ಸಾಹೇಬರು, ಬರೆಯುವವಳು ನಾನು, ಕೇಳುವವರು ಯಾರೂ ಇಲ್ಲ. ಎಲ್ಲರ ಕಣ್ಣೂ ಆಮೇಲೆ ಬರುವ ಚಹಾದ ಮೇಲಿರುತ್ತದೆ. ಆದರೂ ಇಷ್ಟು ವರ್ಷಗಳಲ್ಲಿ ನನ್ನ ಎರಡು ಪುಟದಲ್ಲಿ ಒಂದು ತಾರೀಖು ತಪ್ಪಿದೆ ಎಂದು ಯಾರೂ ತೋರಿಸಿಲ್ಲ. ಇದನ್ನು ಜಂಬ ಎನ್ನುವುದಾದರೆ ಎನ್ನಲಿ. ಜಂಬಪಡಲು ನನಗೆ ಬೇರೆ ಏನೂ ಇಲ್ಲ.

ನಿವೃತ್ತಿಗೆ ಏಳು ತಿಂಗಳು ಇರುವಾಗ ಸಾಹೇಬರು ಒಂದು ಟಗ್ಗಿನ ಕಡತವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಟಗ್ ಎಂದರೆ ಎಳೆಯುವ ಹಡಗು. ಕೆಟ್ಟು ನಿಂತ ಹಡಗನ್ನು, ಎಂಜಿನ್ನೇ ಇಲ್ಲದ ಹಡಗನ್ನು, ಮುಂಗೈ ದಪ್ಪದ ಉಕ್ಕಿನ ಹಗ್ಗ ಕಟ್ಟಿ ಸಮುದ್ರ ದಾಟಿಸಿ ತರುವುದೇ ಅದರ ಬದುಕು. ನೌಕಾಪಡೆ ಇದಕ್ಕೆ ಒಂದು ಸಂಖ್ಯೆ ಕೊಟ್ಟಿತ್ತು. ನಾವಿಕರು ಕೊಟ್ಟ ಹೆಸರು ಎಮ್ಮೆ. ಕಪ್ಪಗೆ, ಅಗಲವಾಗಿ, ಹೊಟ್ಟೆಯವರೆಗೆ ನೀರಿನಲ್ಲಿ ಕೂತು, ಯಾರು ಎಷ್ಟು ಬೈದರೂ ತನ್ನ ನಡಿಗೆಯಲ್ಲೇ ನಡೆಯುತ್ತಿತ್ತಂತೆ.

"ಎರಡು ಪುಟ ಬೇಡ, ಒಂದೂವರೆ ಸಾಕು," ಎಂದರು ಸಾಹೇಬರು. "ಟಗ್ ಅಲ್ವಾ, ಏನಿರುತ್ತೆ ಬರೆಯೋಕೆ? ಹೋಯ್ತು, ಕಟ್ಟಿತು, ಎಳೀತು, ಬಂತು."

"ಮೂವತ್ತೆಂಟು ವರ್ಷ ಸಾರ್."

"ಮೂವತ್ತೆಂಟು ವರ್ಷಾನೂ ಅದೇ."

ಸಾಹೇಬರು ಕೆಟ್ಟವರಲ್ಲ. ಅವರಿಗೆ ಕೆಲಸ ಮುಗಿಯಬೇಕು, ಅಷ್ಟೇ. ಹತ್ತು ದಿನದ ಗಡುವು ಹೇಳಿ ಹೋದರು.

ಕಡತದ ಮೇಲಿನ ಸಂಖ್ಯೆ ನೋಡಿ ನನಗೆ ಖುಷಿಯಾಯಿತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂವತ್ತೊಂದು ವರ್ಷದ ಹಿಂದೆ, ಇಪ್ಪತ್ತಾರರ ವಯಸ್ಸಿನಲ್ಲಿ, ನಾನು ಹಂಗಾಮಿ ಗುಮಾಸ್ತೆಯಾಗಿದ್ದಾಗ ಕೈಗೆ ಬಂದ ಮೊದಲ ದೊಡ್ಡ ಕೆಲಸ ಇದೇ ಟಗ್ಗಿನದು. ಒಂದು ವಿಚಾರಣೆ. ನಾನು ಮಾಡಿಕೊಟ್ಟ ಪಟ್ಟಿಯನ್ನು ವಿಚಾರಣೆಯ ಅಧ್ಯಕ್ಷರು ಎಲ್ಲರೆದುರು ಮೇಲಕ್ಕೆತ್ತಿ ಹಿಡಿದು, "ಕೆಲಸ ಅಂದ್ರೆ ಹೀಗಿರಬೇಕು," ಎಂದಿದ್ದರು. ಅವರು ಬರೆದುಕೊಟ್ಟ ಮೆಚ್ಚುಗೆ ಪತ್ರದಿಂದಲೇ ನನ್ನ ನೌಕರಿ ಖಾಯಂ ಆಯಿತು. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಅಕ್ಕ ನಮ್ಮ ಮನೆಯ ನಡುಕೋಣೆಯಲ್ಲಿ ತೂಗುಹಾಕಿದ್ದಾಳೆ. ನಾವಿಬ್ಬರೇ ಇರುವ ಮನೆ. ಅದನ್ನು ನೋಡುವವರೂ ನಾವಿಬ್ಬರೇ.

ಆ ವಿಚಾರಣೆಯ ವಿಷಯ ಇಷ್ಟು. ಎಮ್ಮೆ ತನ್ನ ಏಳನೆಯ ವರ್ಷದಲ್ಲಿ ಪೂರ್ವದ ಒಂದು ಬಂದರಿನಿಂದ ಎಂಜಿನ್ ತೆಗೆದ ಹಳೆಯ ಹಡಗನ್ನು ಎಳೆದು ತರುತ್ತಿತ್ತು. ಆ ಹಡಗಿನೊಳಗೆ ನೀರು ಸೇರದಂತೆ ಪಂಪು ನೋಡಿಕೊಳ್ಳಲು ಎಮ್ಮೆಯದೇ ಇಬ್ಬರು ನಾವಿಕರು ಅದರಲ್ಲಿದ್ದರು. ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಹಳೆಯ ಹಡಗು ಮುಳುಗಿತು, ಇಬ್ಬರೂ ಅದರ ಜೊತೆಗೇ ಹೋದರು. ವಿಚಾರಣೆಯ ಪ್ರಶ್ನೆ ಒಂದೇ: ಎಮ್ಮೆ ಹಗ್ಗ ಬಿಟ್ಟದ್ದು ಯಾವಾಗ? ಹಿಂದಿನ ಹಡಗು ಮುಳುಗಿದರೆ ಹಗ್ಗ ಬಿಡಲೇಬೇಕು, ಇಲ್ಲದಿದ್ದರೆ ಅದು ಟಗ್ಗನ್ನೂ ಎಳೆದುಕೊಂಡು ತಳಕ್ಕೆ ಹೋಗುತ್ತದೆ. ಅದು ಮುಳುಗುವ ಮುಂಚೆಯೇ ಬಿಟ್ಟರೆ ಮಾತ್ರ, ಅದರಲ್ಲಿರುವ ಜೀವಗಳನ್ನು ನಡುನೀರಿನಲ್ಲಿ ಕೈಬಿಟ್ಟಂತೆ.

ಬಿಡಲು ಆಜ್ಞೆ ಕೊಡುವುದು ಕ್ಯಾಪ್ಟನ್. ಆಜ್ಞೆ ಎಂದರೆ ಉದ್ದನೆಯ ಒಂದು ಬೆಲ್. ಬಿಡುವ ಕೈ ಹಗ್ಗದಾಳಿನದು. ಹಗ್ಗ ಬಿಗಿದು ನಿಂತಾಗ ಹಿಂದಿನ ಡೆಕ್ಕಿನ ಮೇಲೆ ಅವನೊಬ್ಬನ ಹೊರತು ಯಾರೂ ಇರುವಂತಿಲ್ಲ, ಏಕೆಂದರೆ ಹಗ್ಗ ತುಂಡಾಗಿ ಬೀಸಿದರೆ ಕಾಲು ಉಳಿಯುವುದಿಲ್ಲ. ಬೆಲ್ ಕೇಳಿದ ತಕ್ಷಣ ಅವನು ಕೊಕ್ಕೆಯ ಪಿನ್ನಿಗೆ ಸುತ್ತಿಗೆಯಿಂದ ಹೊಡೆಯಬೇಕು. ಕೊಕ್ಕೆ ಬಾಯಿ ಬಿಡುತ್ತದೆ, ಹಗ್ಗ ಸಮುದ್ರಕ್ಕೆ ಹೋಗುತ್ತದೆ.

ಆ ದಿನ ಭಾರ ಕಳಚಿದ ಎಮ್ಮೆ ಒಮ್ಮೆಲೇ ಮುಂದಕ್ಕೆ ಹಾರಿತು. ಕ್ಯಾಪ್ಟನ್ ತಲೆ ಕಬ್ಬಿಣಕ್ಕೆ ಬಡಿಯಿತು. ಅವರು ಮತ್ತೆ ಕಣ್ಣು ಬಿಡಲಿಲ್ಲ, ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದ ಸಾಕ್ಷಿ ಎರಡು ಪುಸ್ತಕ. ಒಂದು ಡೆಕ್ಕಿನದು, ಕ್ಯಾಪ್ಟನ್ ಕೈಬರಹದ್ದು. ಇನ್ನೊಂದು ಎಂಜಿನ್ ಕೋಣೆಯದು, ಎಂಜಿನಿಯರ್ ಬರೆದದ್ದು. ಎರಡನ್ನೂ ಸೇರಿಸಿ, ಆ ಮಧ್ಯಾಹ್ನ ನಡೆದದ್ದನ್ನೆಲ್ಲ ಹೊತ್ತಿನ ಕ್ರಮದಲ್ಲಿ ಒಂದೇ ಹಾಳೆಗೆ ಇಳಿಸಿಕೊಡು ಎಂದು ನನಗೆ ಹೇಳಿದರು. ನಾನು ಇಳಿಸಿದೆ.

ಎರಡು ಗಂಟೆ ನಲವತ್ತು: ಎಂಜಿನ್ನಿನ ಮೇಲಿನ ಎಳೆತ ಒಮ್ಮೆಲೇ ಇಲ್ಲವಾಯಿತು, ವೇಗ ತಗ್ಗಿಸಲಾಯಿತು. ಎರಡು ಐವತ್ತು: ಹಿಂದಿನ ಹಡಗಿನಿಂದ ದೀಪದ ಸನ್ನೆ, ಇಬ್ಬರೂ ಕ್ಷೇಮ. ಮೂರು ಮೂವತ್ತೆರಡು: ಹಿಂದಿನ ಹಡಗು ಮಗುಚಿ ಮುಳುಗಿತು. ಮೂರು ಮೂವತ್ತೆಂಟು: ಹಗ್ಗ ಬಿಡಲು ಬೆಲ್. ನಾಲ್ಕು ಇಪ್ಪತ್ತೈದು: ಕ್ಯಾಪ್ಟನ್ ಗಾಯಗೊಂಡಿದ್ದಾರೆ, ಅಧಿಕಾರ ವಹಿಸಿಕೊಂಡೆ ಎಂದು ಕಿರಿಯ ಅಧಿಕಾರಿಯ ನಮೂದು.

ಪಟ್ಟಿ ಓದಿದರೆ ಎಂಥವರಿಗೂ ಅರ್ಥವಾಗುತ್ತಿತ್ತು. ಎಳೆತ ಇಲ್ಲವಾಯಿತು ಎಂದರೆ ಹಗ್ಗ ಹೋಯಿತು ಎಂದೇ. ಹಗ್ಗದಾಳು ಬೆಲ್ ಆಗುವ ಒಂದು ಗಂಟೆ ಮುಂಚೆಯೇ ಹೆದರಿ ಹಗ್ಗ ಬಿಟ್ಟಿದ್ದಾನೆ. ಅವನು ಬಿಟ್ಟು ಹತ್ತು ನಿಮಿಷದ ಮೇಲೂ ಆ ಇಬ್ಬರು ಕ್ಷೇಮ ಎಂದು ದೀಪ ಬೀಸುತ್ತಿದ್ದರು. ಅವನು ಬೆಲ್ ಕೇಳಿದ ಮೇಲೇ ಹೊಡೆದೆ ಎಂದ. ಟಗ್ಗಿನವರೂ ಬೆಲ್ ಆದ ಮೇಲೇ ಹಡಗು ಹಾರಿತು, ಕ್ಯಾಪ್ಟನ್ ತಲೆಗೆ ಪೆಟ್ಟಾದದ್ದೂ ಆಗಲೇ ಎಂದರು. ಆ ಪೆಟ್ಟು ಆಮೇಲೆ ಬೇರೊಂದು ಅಲೆಗೆ ಆಗಿರಬೇಕು ಎಂದುಕೊಂಡರು ವಿಚಾರಣೆಯವರು. ಹಡಗಿನವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ, ಕಾಗದ ಯಾರ ಮುಲಾಜಿಗೂ ಬೀಳುವುದಿಲ್ಲ ಎಂದು ಅಧ್ಯಕ್ಷರು ತೀರ್ಪಿನಲ್ಲಿ ಬರೆದರು. ಹಗ್ಗದಾಳನ್ನು ಸೇವೆಯಿಂದ ತೆಗೆದುಹಾಕಿದರು. ಹೋದ ಇಬ್ಬರಲ್ಲಿ ಒಬ್ಬ ಅವನ ಹೆಂಡತಿಯ ತಮ್ಮ. ಅಷ್ಟು ಬಿರುಗಾಳಿಯಲ್ಲಿ ಹಗ್ಗವೇ ಇಲ್ಲದ ಹಡಗು ಒಂದು ಗಂಟೆ ಕಾಲ ಟಗ್ಗಿನ ಹಿಂದೆಯೇ ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪಟ್ಟಿ ಅಷ್ಟು ಚೆನ್ನಾಗಿತ್ತು.

ಹಾಗಾಗಿ ತವರಿನಿಂದ ಕಾಗದ ಬಂದವಳ ಹಾಗೆ ನಾನು ಕಡತ ಬಿಚ್ಚಿದೆ. ಸಾಹೇಬರು ಒಂದೂವರೆ ಪುಟ ಎಂದಿದ್ದರೂ ಮೂವತ್ತೆಂಟು ವರ್ಷದ ಪುಸ್ತಕಗಳನ್ನೆಲ್ಲ ಕೆಳಗಿನ ಕಪಾಟುಗಳಿಂದ ತರಿಸಿದೆ. ಡೆಕ್ಕಿನವು ಒಂದು ಸಾಲು, ಎಂಜಿನ್ ಕೋಣೆಯವು ಎಣ್ಣೆಯ ಕಲೆಯೊಂದಿಗೆ ಇನ್ನೊಂದು ಸಾಲು. ಕಪಾಟಿನ ಕೆಲಸಗಾರ ಏದುಸಿರು ಬಿಡುತ್ತ, "ಮೇಡಂ, ಎಮ್ಮೆನೇ ತಂದು ಇಡಬಹುದಿತ್ತು, ಇದಕ್ಕಿಂತ ಹಗುರ," ಎಂದ.

ಓದುವುದು ಸುಖವಾಗಿತ್ತು. ಮೊದಲ ವರ್ಷ ಎಮ್ಮೆ ಗುರಿಯ ತೆಪ್ಪ ಎಳೆಯಿತು. ಯುದ್ಧನೌಕೆಗಳು ಆ ತೆಪ್ಪಕ್ಕೆ ಗುಂಡು ಹೊಡೆದು ಅಭ್ಯಾಸ ಮಾಡುತ್ತಿದ್ದವು. "ಗುಂಡು ತೆಪ್ಪಕ್ಕೆ ತಾಗಲಿಲ್ಲ. ನಮಗೂ ತಾಗಲಿಲ್ಲ. ಚಹಾ ಕುಡಿದೆವು," ಎಂದು ಕ್ಯಾಪ್ಟನ್ ಬರೆದಿದ್ದರು. ಮರುವರ್ಷ ಒಂದು ತೇಲುವ ಕ್ರೇನನ್ನು ನಲವತ್ತೊಂದು ದಿನ ಎಳೆದು ತಂದರು. ಚುಕ್ಕಾಣಿ ಮುರಿದ ಜಲಾಂತರ್ಗಾಮಿಯೊಂದನ್ನು ಎಳೆದಾಗ ಅದರವರು ನಾಚಿಕೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಒಂದು ಸನ್ನೆಗೂ ಉತ್ತರ ಕೊಡಲಿಲ್ಲವಂತೆ. ಬಂಡೆಗೆ ಸಿಕ್ಕ ಒಂದು ದೊಡ್ಡ ಯುದ್ಧನೌಕೆಯನ್ನು ಬಿಡಿಸಿ ಹನ್ನೊಂದು ದಿನ ಎಳೆದು ಬಂದರಿಗೆ ತಂದದ್ದೂ ಇದರಲ್ಲಿತ್ತು. ಆ ಯುದ್ಧನೌಕೆಯ ಚರಿತ್ರೆ ಬರೆದವಳು ನಾನೇ. "ಸುರಕ್ಷಿತವಾಗಿ ತನ್ನ ಬಂದರಿಗೆ ಮರಳಿತು" ಎಂದು ಬರೆದಿದ್ದೆ. ಯಾರ ಹಿಂದೆ ಬಂತು ಎಂದು ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ.

ಕ್ರೇನಿನ ಪ್ರಯಾಣದಲ್ಲಿ ಒಂದು ಸಣ್ಣ ಕಿರಿಕಿರಿ ಸಿಕ್ಕಿತು. ಡೆಕ್ಕಿನ ಪುಸ್ತಕದ ಪ್ರಕಾರ ಹಗ್ಗ ಕಟ್ಟಿ ಹೊರಟದ್ದು ಬೆಳಗ್ಗೆ ಒಂಬತ್ತು ಹತ್ತಕ್ಕೆ. ಎಂಜಿನ್ ಪುಸ್ತಕದ ಪ್ರಕಾರ ಆರು ಹತ್ತಕ್ಕೆ. ಎಂಜಿನಿಯರ್ ನಿದ್ದೆಗಣ್ಣಿನಲ್ಲಿ ಬರೆದಿರಬೇಕು ಎಂದುಕೊಂಡೆ. ಮರುದಿನವೂ ಮೂರು ಗಂಟೆ ವ್ಯತ್ಯಾಸ. ನಲವತ್ತೊಂದು ದಿನವೂ ಅಷ್ಟೇ. ಬಂದರಿಗೆ ಬಂದು ಕ್ರೇನ್ ಬಿಟ್ಟ ಮಧ್ಯಾಹ್ನದಿಂದ ಎರಡು ಪುಸ್ತಕವೂ ನಿಮಿಷ ನಿಮಿಷಕ್ಕೆ ಕೂಡಿಬಂದವು. ಜಲಾಂತರ್ಗಾಮಿ ಎಳೆದಾಗ ಎರಡು ಗಂಟೆ ವ್ಯತ್ಯಾಸ. ಬಿಟ್ಟ ಮೇಲೆ ಇಲ್ಲ. ನಮ್ಮ ಬಂದರಿನದೇ ಹಡಗು ಎಳೆದಾಗ ವ್ಯತ್ಯಾಸವೇ ಇಲ್ಲ.

ನಾನು ಹಿಂದಕ್ಕೆ ಹೋಗಿ ಮೊದಲ ಡೆಕ್ ಪುಸ್ತಕದ ಮೊದಲ ಪುಟಗಳನ್ನು ಬೆರಳಿಟ್ಟು ಓದಿದೆ. ಎಮ್ಮೆ ತನ್ನ ಬದುಕಿನಲ್ಲಿ ಮೊದಲ ಸಲ ಬೇರೆ ಬಂದರಿನ ಹಡಗಿಗೆ ಹಗ್ಗ ಕಟ್ಟಿದ ದಿನ ಕ್ಯಾಪ್ಟನ್ ಒಂದು ಸಾಲು ಬರೆದಿದ್ದರು: "ಸನ್ನೆಗಳು ತಾಳೆಯಾಗಲೆಂದು ನಮ್ಮ ಡೆಕ್ಕಿನ ಗಡಿಯಾರವನ್ನು ಎಳೆಸಿಕೊಳ್ಳುವ ಹಡಗಿನ ಗಡಿಯಾರಕ್ಕೆ ಸರಿಮಾಡಿದೆ. ಇನ್ನು ಮುಂದೆ ಯಾವಾಗಲೂ ಹೀಗೇ." ಅದಾದ ಮೇಲೆ ಆ ವಿಷಯ ಎಲ್ಲೂ ಬರೆದಿಲ್ಲ. ಎಲ್ಲರಿಗೂ ಗೊತ್ತಿದ್ದ ಮೇಲೆ ಬರೆಯುವುದೇಕೆ?

ಎಂಜಿನ್ ಕೋಣೆಯ ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ.

ಏಳನೆಯ ವರ್ಷದ ಪುಸ್ತಕಗಳನ್ನು ಬಿಚ್ಚುವ ಮುಂಚೆಯೇ ನನಗೆ ಗೊತ್ತಾಗಿಹೋಯಿತು. ಆದರೂ ಬಿಚ್ಚಿದೆ. ಹಳೆಯ ಹಡಗಿಗೆ ಹಗ್ಗ ಕಟ್ಟಿದ್ದು ಡೆಕ್ಕಿನಲ್ಲಿ ಬೆಳಗ್ಗೆ ಎಂಟಕ್ಕೆ, ಎಂಜಿನ್ನಿನಲ್ಲಿ ಏಳಕ್ಕೆ. ಪೂರ್ವದ ಬಂದರು, ಒಂದು ಗಂಟೆ ಮುಂದೆ. ಎಂಜಿನ್ ಪುಸ್ತಕದ ಎರಡು ನಲವತ್ತು ಎಂದರೆ ಡೆಕ್ಕಿನ ಮೂರು ನಲವತ್ತು. ಹಿಂದಿನ ಹಡಗು ಮುಳುಗಿ ಎಂಟು ನಿಮಿಷ, ಬೆಲ್ ಆಗಿ ಎರಡು ನಿಮಿಷ ಕಳೆದ ಮೇಲೆ ಹಗ್ಗ ಹೋಗಿತ್ತು. ಹಗ್ಗದಾಳು ಇಬ್ಬರನ್ನು ಕೊಂದಿರಲಿಲ್ಲ. ಎಮ್ಮೆಯಲ್ಲಿದ್ದ ಹತ್ತೊಂಬತ್ತು ಜನರನ್ನು ಉಳಿಸಿದ್ದ. ಎರಡು ಗಡಿಯಾರವನ್ನು ಒಂದೇ ಹಾಳೆಗೆ ಇಳಿಸಿದ್ದು ನಾನು.

ನೀರು ಕುಡಿದು ಬಂದು ಕಡತದ ಕೊನೆಯವರೆಗೂ ನೋಡಿದೆ. ತೀರ್ಪಿನ ಹಿಂದೆ ಗುಂಡುಪಿನ್ನಿನಲ್ಲಿ ಚುಚ್ಚಿದ ಒಂದು ಪತ್ರವಿತ್ತು, ಹಗ್ಗದಾಳು ಬರೆದದ್ದು. "ದಯವಿಟ್ಟು ಪುಸ್ತಕ ಇನ್ನೊಂದು ಸಲ ನೋಡಿ. ಮೂರು ಮೂವತ್ತೆಂಟಕ್ಕೆ ಒಂದು ಬೆಲ್ ಇದೆ ಎಂದು ಹೇಳಿದರು. ಅದಕ್ಕೆ ಒಂದು ಗಂಟೆ ಮುಂಚೆ ಬೇರೆ ಬೆಲ್ ಬರೆದಿದೆಯೇ? ನೌಕರಿ ವಾಪಸ್ ಕೇಳುತ್ತಿಲ್ಲ. ಆಗದ ಬೆಲ್ಲು ನನ್ನ ಕಿವಿಗೆ ಹೇಗೆ ಕೇಳಿಸಿತು ಎಂದು ತಿಳಿದರೆ ಸಾಕು." ಪತ್ರದ ಜೊತೆಗೆ ಕಚೇರಿಯ ಉತ್ತರದ ನಕಲು. "ಡೆಕ್ ಪುಸ್ತಕದಲ್ಲಿ ಅಂತಹ ನಮೂದು ಇರುವುದಿಲ್ಲ." ಕೆಳಗೆ ನನ್ನ ರುಜು. ದುಂಡಗೆ, ಬಲು ಚೆಂದವಾಗಿತ್ತು.

ಸಂಜೆ ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅಕ್ಕ ಬಟ್ಟೆ ಮಡಿಸುತ್ತಿದ್ದಳು.

"ಅಷ್ಟು ಜನ ಇದ್ರಲ್ಲಕ್ಕಾ ಆ ಟಗ್ಗಿನಲ್ಲಿ, ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಬಾರದಿತ್ತಾ, ಎರಡು ಗಡಿಯಾರ ಬೇರೆ ಬೇರೆ ಅಂತ?" ಎಂದು ನಾನು ರೇಗಿದೆ.

"ನಮ್ಮ ಅಡುಗೆಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ. ನೀನು ಬಸ್ ತಪ್ಪಿಸ್ಕೋಬಾರದು ಅಂತ ನಾನೇ ಇಟ್ಟಿದ್ದು. ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಹೇಳಿದೀಯಾ?"

"ಯಾರಿಗೆ ಹೇಳಬೇಕು? ಯಾರು ಕೇಳಿದ್ರು?"

"ಮತ್ತೆ?" ಎಂದು ಅಕ್ಕ ದಿಂಬಿನ ಚೀಲ ಕೊಡವಿದಳು. ಅದನ್ನೂ ಮಡಿಸಿಟ್ಟು, "ಆ ಚೌಕಟ್ಟು ಇಳಿಸಲಾ?" ಎಂದಳು. ಬೇಡ, ನಾನೇ ಇಳಿಸುತ್ತೇನೆ ಎಂದೆ. ಇಳಿಸಿದ ಮೇಲೆ ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು.

ಅನುಮಾನಕ್ಕೆ ಎಡೆಯಿರಬಾರದೆಂದು ಎಂಜಿನಿಯರನ್ನು ಹುಡುಕಿಕೊಂಡು ಹೋದೆ. ಎಂಬತ್ತನಾಲ್ಕು ವಯಸ್ಸು, ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಮಗಳ ಮನೆ. ಕಿವಿ ಮಂದವಾಗಿತ್ತು, ನಾಲಿಗೆ ಮಂದವಾಗಿರಲಿಲ್ಲ.

"ಗಡಿಯಾರ ನಾನ್ಯಾಕೆ ತಿರುಗಿಸಲಿ?" ಎಂದು ನನ್ನ ಮೇಲೇ ಏರಿ ಬಂದರು. "ಮೇಲಿನವರು ದಿನಕ್ಕೊಂದು ಊರಿನ ಹೊತ್ತು ಇಟ್ಕೋಬಹುದು. ಎಂಜಿನ್ನಿಗೆ ಎಣ್ಣೆ ಆರು ಗಂಟೆಗೊಮ್ಮೆ ಹಾಕಬೇಕು. ಗಡಿಯಾರ ತಿರುಗಿಸಿದ್ರೆ ಲೆಕ್ಕ ಎಲ್ಲಿ ಉಳಿಯುತ್ತೆ?"

"ವಿಚಾರಣೆಯಲ್ಲಿ ಅದನ್ನ ಹೇಳಿದ್ರಾ?"

"ನಿಮ್ಮ ಪುಸ್ತಕ ಸರಿ ಇದೆಯಾ ಅಂತ ಕೇಳಿದ್ರು. ನಿಮಿಷವೂ ತಪ್ಪಿಲ್ಲ ಅಂದೆ. ತಪ್ಪಿರಲಿಲ್ಲ!"

"ಯಾವ ಊರಿನ ಹೊತ್ತು ಅಂತ ಕೇಳಲಿಲ್ವಾ?"

"ಅದನ್ನ ಯಾರು ಕೇಳ್ತಾರೆ? ನಮ್ಮ ಅಡುಗೆಯವನಿಗೂ ಗೊತ್ತಿತ್ತು ಅದು." ಅಷ್ಟು ಹೇಳಿ ಮುದುಕರು ತಡೆದರು. ನಾನು ಯಾಕೆ ಬಂದಿದ್ದೇನೆ ಎಂಬುದು ಅವರ ಮುಖಕ್ಕೆ ಮೆಲ್ಲಗೆ ಬಂತು. ನನ್ನ ಕೈಯಲ್ಲಿದ್ದ ಹಳೆಯ ಪಟ್ಟಿ ಈಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಮೊದಲ ಸಾಲನ್ನೇ ಬಹಳ ಹೊತ್ತು ನೋಡಿದರು. "ಇದನ್ನ ನನಗೆ ಯಾರೂ ತೋರಿಸಲಿಲ್ಲ," ಎಂದರು. ಹಗ್ಗದಾಳು ಎಲ್ಲಿದ್ದಾನೆ ಎಂದು ಕೇಳಿದೆ. ಊರಿನ ಹಳೆಯ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಾನಂತೆ ಎಂದು ಕಟ್ಟಡದ ಗುರುತು ಹೇಳಿದರು. ಒಂದೇ ಊರಿನಲ್ಲಿದ್ದೂ ಅವರು ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ.

ನಾನು ಚರಿತ್ರೆ ಬರೆದೆ. ಆ ಮಧ್ಯಾಹ್ನವನ್ನು ಡೆಕ್ಕಿನ ಒಂದೇ ಗಡಿಯಾರಕ್ಕೆ ಇಳಿಸಿ ಬರೆದು, ಹಿಂದಿನ ಪಟ್ಟಿ ತಪ್ಪು, ಕಾರಣ ಇದು ಎಂದು ಕೊನೆಯಲ್ಲಿ ಹೇಳಿದೆ. ಮರುವಿಚಾರಣೆಗೆ ಪ್ರತ್ಯೇಕ ಅರ್ಜಿಯನ್ನೂ ಜೊತೆಗಿಟ್ಟೆ.

"ಒಂದೂವರೆ ಪುಟ ಕೇಳಿದ್ದೆ," ಎಂದರು ಸಾಹೇಬರು.

"ನಾಲ್ಕಾಗಿದೆ ಸಾರ್."

ಅವರು ಓದಿದರು. ಎರಡು ಪುಸ್ತಕವನ್ನೂ ತರಿಸಿ, ನಾನು ಗುರುತು ಹಾಕಿದ ಕಡೆಯೆಲ್ಲ ನೋಡಿದರು. "ಆ ತೀರ್ಪು ಕೊಟ್ಟವರು ಈಗ ಒಬ್ಬರೂ ಇಲ್ಲ. ಏಳು ತಿಂಗಳಲ್ಲಿ ನೀವೂ ಮನೆಗೆ ಹೋಗ್ತೀರಿ. ಈ ಉಸಾಬರಿ ಯಾಕೆ ಬೇಕು ನಿಮಗೆ?" ಎಂದರು. ಆಮೇಲೆ, "ಈ ಪಟ್ಟಿ ಮಾಡಿದ ಗುಮಾಸ್ತ ಯಾರು?" ಎಂದರು.

"ನಾನೇ ಸಾರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು. ಅರ್ಜಿಯ ಮೇಲೆ ಶಿಫಾರಸು ಬರೆದು ರುಜು ಹಾಕಿದರು. ಚರಿತ್ರೆಯ ನಾಲ್ಕು ಪುಟದಲ್ಲಿ ಒಂದು ಸಾಲನ್ನೂ ಹೊಡೆಯಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಮಾರನೆಯ ಬೆಳಗ್ಗೆ ರಜೆ ಹಾಕಿ ಆ ಕಟ್ಟಡಕ್ಕೆ ಹೋದೆ. ಐದು ಮಹಡಿ, ಹಲ್ಲಿನ ಡಾಕ್ಟರು, ಟೈಪಿಂಗ್ ಶಾಲೆ, ಕನ್ನಡಕದ ಅಂಗಡಿ. ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಬೆಲ್ ಒತ್ತಿ ನಿಂತೆ. ಮೇಲೆಲ್ಲೋ ನಿಂತಿದ್ದ ಲಿಫ್ಟು ಅಲುಗಲಿಲ್ಲ. ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು ನಕ್ಕಳು.

"ಹೊಸಬರಾ? ಎರಡು ಸಲ ಒತ್ತಿ. ಒಂದು ಸಲಕ್ಕೆ ನಮ್ಮ ಎರಡನೇ ಬೆಲ್ ಮಾವ ಬರೋದಿಲ್ಲ."

"ಯಾಕೆ?"

"ಒಂದು ಸಲ ಆದ್ರೆ ಆಯ್ತೋ ಇಲ್ವೋ ಗೊತ್ತಾಗಲ್ಲವಂತೆ. ಕಿವಿ ಚೆನ್ನಾಗೇ ಇದೆ, ನಾವು ಹಿಂದಿನಿಂದ ಆಡ್ಕೊಂಡ್ರೆ ಎಲ್ಲಾ ಕೇಳ್ಸುತ್ತೆ. ಬೆಲ್ಲು ಮಾತ್ರ ಎರಡು ಸಲ ಆಗಬೇಕು."

ನಾನು ಇನ್ನೊಂದು ಸಲ ಒತ್ತಿದೆ. ಲಿಫ್ಟು ಬಂತು. ಒಳಗೆ ಸ್ಟೂಲಿನ ಮೇಲೆ ಕೂತಿದ್ದವರು ಅರವತ್ತಾರರ ಒಬ್ಬ ಗಟ್ಟಿ ಮನುಷ್ಯ, ಅಗಲವಾದ ಕೈಗಳು. ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ದಾಖಲೆ ಕಚೇರಿಯಿಂದ ಬಂದಿದೀನಿ, ಎಮ್ಮೆ ವಿಷಯ," ಎಂದೆ. ಅವರು ಬಾಗಿಲೆಳೆದು ನೇರ ಐದನೆಯ ಮಹಡಿಗೆ ಕರೆದುಕೊಂಡು ಹೋದರು.

ಅಲ್ಲಿ ಲಿಫ್ಟಿನ ಪಕ್ಕದ ಕೋಣೆ ಅವರ ಹೆಂಡತಿಯ ಹೊಲಿಗೆ ಅಂಗಡಿ. ಒಂದು ಯಂತ್ರ, ಒಂದು ಕನ್ನಡಿ, ಹೆಸರಿನ ಚೀಟಿ ಅಂಟಿಸಿದ ಬಟ್ಟೆಯ ಗಂಟುಗಳು. ಆಕೆ ಗುಂಡಿ ಹಾಕುತ್ತಿದ್ದರು. ಗಂಡನ ಮುಖ ನೋಡಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಬೆಲ್ ಆಗಿತ್ತು," ಎಂದೆ ನಾನು. ಬೇರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. "ನೀವು ಕೇಳಿದ್ದು ನಿಜವಾದ ಬೆಲ್ಲೇ. ಹಡಗು ಮುಳುಗಿದ್ದು ಮೂರು ಮೂವತ್ತೆರಡಕ್ಕೆ, ಬೆಲ್ ಆಗಿದ್ದು ಮೂರು ಮೂವತ್ತೆಂಟಕ್ಕೆ, ನೀವು ಹೊಡೆದದ್ದು ಮೂರು ನಲವತ್ತಕ್ಕೆ." ಗಡಿಯಾರಗಳ ವಿಷಯ ಹೇಳಿದೆ. ಅರ್ಧಕ್ಕೇ ಅವರು ತಲೆಯಾಡಿಸಿದರು. ಎಂಜಿನ್ ಕೋಣೆಯ ಗಡಿಯಾರ ಅವರಿಗೂ ಗೊತ್ತಿತ್ತಲ್ಲ. ಗೊತ್ತಿಲ್ಲದ್ದು ನನ್ನ ಪಟ್ಟಿ. ಅದನ್ನು ಅವರ ಕೈಗೆ ಕೊಟ್ಟೆ. "ಇದನ್ನ ಮಾಡಿದ್ದು ನಾನು. ನಿಮ್ಮ ಪತ್ರಕ್ಕೆ ಉತ್ತರ ಬರೆದವಳೂ ನಾನೇ," ಎಂದೆ.

ಅವರು ಪಟ್ಟಿ ನೋಡಲಿಲ್ಲ. "ಆಗಿತ್ತಾ?" ಎಂದರು.

"ಆಗಿತ್ತು. ಕ್ಯಾಪ್ಟನ್ ತಮ್ಮ ಕೈಯಾರೆ ಬರೆದಿದಾರೆ."

"ಮೂರು ಮೂವತ್ತೆಂಟು. ಹೊಡೆದದ್ದು ನಲವತ್ತಕ್ಕೆ." ಅವರು ನನಗಲ್ಲ, ಹೆಂಡತಿಗೆ ಹೇಳುತ್ತಿದ್ದರು. "ಎರಡು ನಿಮಿಷ ನಾನು ಹೊಡೀಲಿಲ್ಲ. ಮಳೆಯಲ್ಲಿ ಹಿಂದೆ ಏನೂ ಕಾಣ್ತಿರಲಿಲ್ಲ. ಡೆಕ್ಕು ಮೊಣಕಾಲಿನವರೆಗೆ ನೀರೊಳಗೆ ಹೋಗಿತ್ತು. ನಿನ್ನ ತಮ್ಮ ಅಲ್ಲಿದ್ದ. ಇನ್ನೊಂದು ಸಲ ಬೆಲ್ ಆಗಲಿ, ಆಮೇಲೆ ಹೊಡೀತೀನಿ ಅಂತ ನಿಂತೆ. ಆಗಲಿಲ್ಲ. ಹೊಡೆದೆ. ಆಮೇಲೆ ಇವರು, ಬೆಲ್ ಆಗೇ ಇರಲಿಲ್ಲ ಅಂದ್ರು."

ತಮ್ಮ ತೀರಿಕೊಂಡಾಗಿನಿಂದ ತವರಿನವರು ಆಕೆಗೆ ಬಾಗಿಲು ತೆರೆದಿರಲಿಲ್ಲ. ಅದನ್ನು ನನಗೆ ಆಮೇಲೆ ಹೇಳಿದರು. ಆಗ ಹೇಳಿದ್ದು ಇಷ್ಟೇ: "ನಾನು ಒಂದು ದಿನವೂ ನಿಮ್ಮನ್ನ ಕೇಳಲಿಲ್ಲ. ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ."

"ನೀನು ಕೇಳಲಿಲ್ಲ ಅಂದ್ರೆ ಅದೇ ನಿಜ ಅಂದ್ಕೊಂಡಿದೀಯ ಅಂತ ನಾನು..." ಎಂದು ಅವರು ನಿಲ್ಲಿಸಿದರು.

ಕೆಳಗೆ ಯಾರೋ ಬೆಲ್ ಒತ್ತಿದರು, ಎರಡು ಸಲ. ಅವರು ಅಭ್ಯಾಸದಿಂದ ಎದ್ದರು. ಬಾಗಿಲಲ್ಲಿ ನಿಂತು ನನ್ನತ್ತ ತಿರುಗಿ, "ಆಗ ನಿಮಗೆ ಎಷ್ಟ್ ವಯಸ್ಸು?" ಎಂದರು.

"ಇಪ್ಪತ್ತಾರು."

"ನನಗೆ ಮೂವತ್ತೈದು," ಎಂದು ಹೇಳಿ ಹೋದರು. ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಹೆಂಡತಿಗೆ ಕಾಗದಗಳ ನಕಲು ಕೊಟ್ಟೆ. ಎಮ್ಮೆಯನ್ನು ಬೀಳ್ಕೊಡುವ ದಿನ ಇದನ್ನೆಲ್ಲ ಓದುತ್ತಾರೆ, ಬರಬೇಕು ಎಂದೆ. ಆಕೆ ಕಣ್ಣೊರೆಸಿಕೊಂಡು, ತವರಿನವರ ವಿಷಯ ಹೇಳಿದರು. ಆ ಕಾಗದದ ಇನ್ನೊಂದು ನಕಲು ಸಿಗುತ್ತದೆಯೇ, ತಾಯಿ ಇಲ್ಲದಿದ್ದರೂ ದೊಡ್ಡಣ್ಣ ಇದ್ದಾನೆ ಎಂದು ಕೇಳಿದರು. ನಾನು ಮೂರು ನಕಲು ತಂದಿದ್ದೆ. ಉಳಿದ ಎರಡನ್ನೂ ಕೊಟ್ಟೆ.

ಹೊರಗೆ ಬಂದು ಲಿಫ್ಟಿನ ಮುಂದೆ ನಿಂತೆ. ಅದು ತಳದಲ್ಲಿತ್ತು, ಜಾಲರಿಯ ಮೂಲಕ ಐದು ಮಹಡಿ ಕೆಳಗೆ ಅದರ ತಲೆ, ಅದಕ್ಕೆ ಕಟ್ಟಿದ ಉಕ್ಕಿನ ಹಗ್ಗ ಕಾಣುತ್ತಿತ್ತು. ಬೆಲ್ ಒತ್ತಿದೆ. ಇನ್ನೊಂದು ಸಲ ಒತ್ತಬೇಕೆಂದು ನೆನಪಾಗಿ ಬೆರಳೆತ್ತಿದೆ.

ಅಷ್ಟರಲ್ಲಿ ಕೆಳಗೆ ಜಾಲರಿ ಬಾಗಿಲು ಮುಚ್ಚಿದ ಸದ್ದಾಯಿತು, ಹಗ್ಗ ಬಿಗಿಯಿತು. ಹೊಲಿಗೆ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ ಆಕೆ ನನ್ನ ಕೈ ಹಿಡಿದು ಕೆಳಗಿಳಿಸಿದರು. ನಾವಿಬ್ಬರೂ ಲಿಫ್ಟು ಮೇಲೆ ಬರುವುದನ್ನೇ ನೋಡುತ್ತ ನಿಂತೆವು.